ಕೋಲ್ಖಿ ಹೋಟೆಲು, ಏಳನೇ ಕೋಣೆ

ದಿದುಬೆ ಬಸ್ ನಿಲ್ದಾಣದ ಹಿಂದೆ, ಹಳೇ ಟೈರು ಮಾರುವವರ ಸಾಲಿನಲ್ಲಿ
ಮೂರನೇ ಮಹಡಿ. ಮೆಟ್ಟಿಲಿಗೆ ದೀಪವಿಲ್ಲ.
ಹೆಸರಿನ ಒಂದಕ್ಷರ ಉರಿಯುವುದಿಲ್ಲ.
ಜುಗ್ದಿದಿಯಿಂದ ಆರು ಗಂಟೆ ವ್ಯಾನಿನಲ್ಲಿ ಮುದುಡಿ ಬಂದವಳಿಗೆ
ಅಗ್ಗ ಎಂಬುದೊಂದೇ ಸಾಕಾಗಿತ್ತು.
ತಂಗಿ ಲಾಮಾರಾಳ ಆಪರೇಷನ್ನಿನ ದುಡ್ಡು
ಬಲಗಾಲಿನ ಕಾಲುಚೀಲದೊಳಗೆ.
ನಡೆದರೆ ಹಿಮ್ಮಡಿಗೆ ಒತ್ತುತ್ತಿತ್ತು
ನಮ್ಮ ಹೇಜಲ್ ಮರಗಳ ಒಂದಿಡೀ ವರ್ಷ.

ಮೇಜಿನ ಹಿಂದೆ ಝಾಝಾ ಎಂಬ ಹುಡುಗ,
ಮೊಬೈಲಿನಿಂದ ತಲೆಯೆತ್ತದೆ ಕೀಲಿಕೈ ನೂಕಿದ.
ಕಳ್ಳಕಾಕರ ಭಯವಿಲ್ಲವಷ್ಟೇ? ಅಂದೆ.
ಗದ್ದ ಎತ್ತಿ ತೋರಿಸಿದ:
ಮೂಲೆಯಲ್ಲಿ ಕ್ಯಾಮೆರಾ.
ನಾನು ತಲೆಗೂದಲು ಸರಿಮಾಡಿಕೊಂಡೆ, ಪೆದ್ದಿ.

ಬಾಗಿಲಲ್ಲಿ ಚಿಲಕದ ಗುರುತಿತ್ತು, ಚಿಲಕವಿರಲಿಲ್ಲ.
ನಾಲ್ಕು ತೂತು, ನಡುವೆ ಬಣ್ಣ ಕಾಣದ ಮರ.
ದಿಂಬಿನ ಮೇಲೆ ಯಾರದೋ ಕೂದಲು, ಉದ್ದ, ಕೆಂಪು.
ಹಾಸು ಬದಲಿಸಬೇಕಲ್ಲ ಎಂದರೆ
ಮರಿನೆ ಬರುತ್ತಾಳೆ, ಎಂದ.
ಮರಿನೆ ಬರಲಿಲ್ಲ.
ಬಂದದ್ದು ರಾತ್ರಿ ಎರಡಕ್ಕೆ
ನನ್ನ ಬೀಗದೊಳಗೆ ತಿರುಗಿದ ಇನ್ನೊಂದು ಕೀಲಿಕೈ.

ಕುರ್ಚಿ ಒಡ್ಡಿದ್ದೆ. ಕುರ್ಚಿ ಕಿರುಗುಟ್ಟಿತು.
ಕಾಲುಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ,
ಕೋಳಿಮರಿ ಹಿಡಿದ ಹಾಗೆ.
ಆಚೆಯವನು ಕೆಮ್ಮಿದ.
ಇದು ಹನ್ನೊಂದಲ್ಲವೇ? ಎಂದು ಕೇಳಿದ,
ಅಥವಾ ಕೇಳಿದ ಹಾಗೆ ಮಾಡಿದ.
ಹೆಜ್ಜೆ ದೂರವಾದವು. ಎಷ್ಟು ದೂರ,
ಅದನ್ನು ಎಣಿಸುತ್ತಾ ಬೆಳಗಾಯಿತು.

ಮುಖ ತೊಳೆಯಲು ಹಜಾರದ ಕೊನೆಗೆ ಹೋದದ್ದು ಎರಡೇ ನಿಮಿಷ.
ನೀರು ಹಲ್ಲು ಕಡಿಯುವಷ್ಟು ತಣ್ಣಗೆ.
ಬರುವಷ್ಟರಲ್ಲಿ ನನ್ನ ಬೂಟು ಮಾಯ.
ಕ್ಯಾಮೆರಾ ನೋಡು ಮಗನೇ, ಎಂದೆ.
ಅದಕ್ಕೆ ವಯರಿಲ್ಲ ಅಮ್ಮಾ,
ನೋಡಿದವರು ಹೆದರಲಿ ಅಂತ ಇಟ್ಟದ್ದು.

ಹೊಲದ ಬೆರ್ಚಪ್ಪನಿಗೂ
ಒಂದು ಹಳೇ ಅಂಗಿ ತೊಡಿಸುತ್ತೇವಲ್ಲ ನಾವು,
ಹಕ್ಕಿಗಳ ಮೇಲಿನ ಮರ್ಯಾದೆಗೆ.

ದೂರಿನ ಪುಸ್ತಕ ಕೊಡು.
ಮೊಳೆಯಿತ್ತು, ಮೊಳೆಗೆ ದಾರವಿತ್ತು, ದಾರಕ್ಕೆ ಏನೂ ಇರಲಿಲ್ಲ.
ಮುಗೀತು, ಎಂದ.
ಏನು, ದೂರುಗಳೇ?
ಹಾಳೆ.

ಚೀಲ ತರಲು ಮತ್ತೆ ಕೋಣೆಗೆ ಹೋದಾಗ
ಕಿಟಕಿ ಗಾಳಿಗೆ ಗದಗುಟ್ಟುತ್ತಿತ್ತು.
ಸಂದಿಗೆ ಸಿಕ್ಕಿಸಿದ್ದ ಕಾಗದದ ಬೆಣೆ ಕೈಗೇ ಬಂತು.
ಮಡಿಕೆ ಬಿಡಿಸಿದರೆ ನೀಲಿ ಶಾಯಿ, ದುಂಡಗಿನ ಅಕ್ಷರ,
ಒಂಬತ್ತು ವರ್ಷದ ಹಿಂದಿನ ತಾರೀಖು:
"ಏಳನೇ ಕೋಣೆಯ ಕಿಟಕಿ ಮುಚ್ಚುವುದಿಲ್ಲ.
ಮಗುವಿಗೆ ಕೆಮ್ಮು. ದಯವಿಟ್ಟು."
ಕೆಳಗೆ ಗುಗುಲಿ ಎಂದಷ್ಟೇ ರುಜು.
ಎರಡು ಸಲ ಓದಿದೆ.
ಮತ್ತೆ ಹಾಗೇ ಮಡಚಿ ಅಲ್ಲೇ ಸಿಕ್ಕಿಸಿದೆ.
ಮುಂದೆ ಬರುವವರಿಗೆ
ಅಷ್ಟಾದರೂ ಚಳಿ ತಡೆಯಲಿ ನಿನ್ನ ದೂರು, ಗುಗುಲಿ.

ಹೋಟೆಲಿನವರೇ ಕೊಟ್ಟ ರಬ್ಬರು ಚಪ್ಪಲಿ, ಎರಡೂ ಎಡಗಾಲಿನವು.
ಹಾಕಿಕೊಂಡೇ ಆಸ್ಪತ್ರೆಗೆ ಹೋದೆ.
ಲಾಮಾರಾ ಮೊದಲು ನೋಡಿದ್ದು ಕಾಲನ್ನು:
ಯಾರ ಮನೆಯಿಂದ ಎದ್ದು ಓಡಿ ಬಂದೆಯೇ ತ್ಸಿಯಾಲಾ?
ನರ್ಸು ಗದರುವ ತನಕ ನಕ್ಕಳು.
ನಾನೂ ನಕ್ಕೆ. ದುಡ್ಡು ಎಣಿಸಿ ಕೊಟ್ಟೆ.
ನೋಟುಗಳು ಬೆವರು ನಾರುತ್ತಿದ್ದವು, ಗುಮಾಸ್ತೆ ಮೂಗು ಮುರಿದಳು.

ತಂಗಿ ಚೇತರಿಸಿಕೊಂಡಳು, ಅದು ಬೇರೆ ಮಾತು.

ಊರಿಗೆ ಬಂದು ಕೋಟಿನ ಜೇಬು ತಡವಿದರೆ
ಏಳನೇ ನಂಬರಿನ ಕೀಲಿಕೈ, ಹಿತ್ತಾಳೆಯ ಬಿಲ್ಲೆ ಸಮೇತ.
ಹಿಂದಿರುಗಿಸಲು ಮರೆತಿದ್ದೆ, ಅವರೂ ಕೇಳಿರಲಿಲ್ಲ.
ಬಾಣಲೆ ಒಲೆಯ ಮೇಲಿತ್ತು, ಕೈ ಸುಮ್ಮನಿರಲಿಲ್ಲ.
ತಮಾಷೆಗೆಂದೇ ನಮ್ಮ ಮುಂಬಾಗಿಲಿಗೆ ಹಾಕಿ ನೋಡಿದೆ,
ನನ್ನ ಅತ್ತೆ ಕೂಡ ನಂಬಿ ಮಲಗುತ್ತಿದ್ದ ಬೀಗಕ್ಕೆ.

ತಿರುಗಿತು.
ಎಣ್ಣೆ ಹಾಕಿದ ಹಾಗೆ, ಸದ್ದಿಲ್ಲದೆ.

ಅಡುಗೆಮನೆಯಿಂದ ಕುರ್ಚಿ ತಂದೆ.