ಉಪ್ಪಿನ ಬಿಲ್ಲೆ

ಸತ್ತವರನ್ನು ಹೊಗಳುವುದು ನನಗೆ ಬಾರದು.
ವೆಂಡೆಲ್ ಡಾರ್ನ್‌ಬುಷ್ ಜಿಪುಣ.
ಮೂವತ್ತೊಂದು ವರ್ಷ ಅವನ ಬಟಾಣಿ ಪಟ್ಟಿಯ ಮುಂದೆ ನಿಂತು
ಹುಳುಕು ಆರಿಸಿದವಳು ನಾನು, ಹೇಳಬಲ್ಲೆ:
ಪೆನ್ಸಿಲನ್ನು ಬೆರಳಿಗೆ ಸಿಗದಷ್ಟು ಸವೆಸಿ
ಆಮೇಲೂ ತಗಡಿನ ಕೊಳವೆಗೆ ಸಿಕ್ಕಿಸಿ ಬರೆಯುತ್ತಿದ್ದ.

ಅಜ್ಜ ಜರ್ಮನಿಯಿಂದ ತಂದದ್ದು ಒಂದು ತಾಮ್ರದ ಹಂಡೆ.
ಅಪ್ಪ ಸೇರಿಸಿದ್ದು ಒಂದು ಬಾಯ್ಲರು, ಅದರ ಸಾಲ.
ಯುದ್ಧ ಮುಗಿಸಿ ಕುಂಟುತ್ತ ಬಂದ ಮೊಮ್ಮಗನ ಪಾಲಿಗೆ
ಕೆಂಪು ಇಟ್ಟಿಗೆಯ ಕಾರ್ಖಾನೆ, ವಿಸ್ಕಾನ್ಸಿನ್ನಿನ ಹೊಲಗಳು,
ಜೂನ್ ಹುಟ್ಟಿದರೆ ಆರು ವಾರ.
ಬಟಾಣಿ ಯಾರಿಗೂ ಕಾಯುವುದಿಲ್ಲ.
ಬೆಳಗ್ಗೆ ಸಕ್ಕರೆ, ಸಂಜೆಗೆ ಹಿಟ್ಟು.
ಆ ಆರು ವಾರ ಊರಿಗೆ ಊರೇ ನಿದ್ದೆಗೆಟ್ಟು
ಹಸಿರು ಹಬೆಯೊಳಗೆ ಓಡಾಡುತ್ತಿತ್ತು.

ನಾವು ಟೆಕ್ಸಾಸಿನಿಂದ ಲಾರಿಯ ಹಿಂಬದಿಯಲ್ಲಿ ಬಂದವರು.
ನನಗೆ ಒಂಬತ್ತು; ತಂಗಿ ಒಡಿಲಿಯಾ ಕೈಗೂಸು.
ಕೋಳಿಗೂಡಿನಂಥ ಬಿಡಾರ, ಹತ್ತು ಸಂಸಾರಕ್ಕೆ ಒಂದು ನಲ್ಲಿ.
ಅದೂ ಅವನದೇ. ಅದನ್ನೂ ಹೇಳಬೇಕು.
ಒಂದು ದಿನ ಅಮ್ಮ ಆ ನಲ್ಲಿಯ ನೀರನ್ನು ಲೋಟಕ್ಕೆ ಹಿಡಿದು
ನೆಟ್ಟಗೆ ಕಚೇರಿಗೆ ಹೋಗಿ ಮೇಜಿನ ಮೇಲಿಟ್ಟಳು.
ಇಂಗ್ಲಿಷ್ ಬಾರದು. ಕುಡಿ ಎಂದು ಕೈಸನ್ನೆ.
ಅವನು ನೋಡಿದ.
ತುಕ್ಕು ತಳಕ್ಕೆ ಇಳಿಯುವವರೆಗೂ ನೋಡಿದ.
ಕುಡಿದ.
ಮರುವರ್ಷ ಹತ್ತು ನಲ್ಲಿ ಬಂದವು.
ಅಮ್ಮ ಸಾಯುವತನಕ ಅನ್ನುತ್ತಿದ್ದಳು:
ಆ ವರ್ಷವೇ ಬರಬಹುದಿತ್ತು.

ಅರವತ್ತೆರಡರಲ್ಲಿ ಗೋದಾಮಿನಲ್ಲಿ ಒಂದು ಡಬ್ಬಿ ಉಬ್ಬಿತು.
ಒಂದೇ. ಬೀನ್ಸು.
ಅದನ್ನು ಕಿವಿಗೆ ಹಿಡಿದು ಹೆಬ್ಬೆರಳಲ್ಲಿ ತಟ್ಟಿದ,
ಡಾಕ್ಟರು ಮಗುವಿನ ಹೊಟ್ಟೆ ತಟ್ಟುವ ಹಾಗೆ.
ಬ್ಯಾಂಕಿನವರು ಬಂದರು, ಅಳಿಯ ಬಂದ,
ಆ ಒಂದನ್ನು ಎಸೆದರೆ ಸಾಲದೇ ಎಂದರು.
ಹಳ್ಳ ತೋಡಿಸಿ ನಲವತ್ತು ಸಾವಿರ ಹೂಳಿಸಿದ.
ಆ ವರ್ಷ ನಮ್ಮ ಸಂಬಳ ಕಂತಿನಲ್ಲಿ ಬಂತು;
ಕೊನೆಯ ಕಂತು ಅವನ ಕಾರು ಮಾರಿದ ದುಡ್ಡು.
ಬೇಸಗೆಯ ರಾತ್ರಿ ಮಣ್ಣೊಳಗೆ ಡಬ್ಬಿಗಳು ಸಿಡಿಯುತ್ತಿದ್ದವು,
ಡುಬ್, ಡುಬ್,
ಮಕ್ಕಳು ಹಾಸಿಗೆಯಲ್ಲೇ ಎಣಿಸುತ್ತ ಮಲಗುತ್ತಿದ್ದರು.
ಅದರ ಮೇಲೀಗ ಬೇಸ್‌ಬಾಲ್ ಮೈದಾನ, ಅವನೇ ಬಿಟ್ಟುಕೊಟ್ಟದ್ದು.
ಎರಡನೇ ಬೇಸಿನ ಹತ್ತಿರ ನೆಲ ಇನ್ನೂ ಚೂರು ತಗ್ಗು.

ಚಳಿಗಾಲದಲ್ಲಿ, ಕೆಲಸ ಹೋದ ಮನೆಗಳ ಮೆಟ್ಟಿಲ ಮೇಲೆ
ಹಿಮದಲ್ಲಿ ಅರ್ಧ ಹೂತ ಪೆಟ್ಟಿಗೆ.
ಒಳಗೆ ಚೀಟಿ ಅಂಟಿಸದ ಡಬ್ಬಿಗಳು, ಬೋಳು ತಗಡು.
ತೆರೆದರಷ್ಟೇ ಗೊತ್ತು, ಬೀಟ್‌ರೂಟೋ ಜೋಳವೋ.
ಕಿವಿಯ ಬಳಿ ಅಲುಗಿಸಿ ನಾವು ಪಂಥ ಕಟ್ಟುತ್ತಿದ್ದೆವು.
ಯಾರು ಇಟ್ಟರೆಂದು ಯಾರೂ ಕೇಳಲಿಲ್ಲ:
ಹಿಮದ ಮೇಲೆ
ಒಂದು ಕಾಲು ಎಳೆದುಕೊಂಡು ಹೋದ ಗೆರೆ ಇರುತ್ತಿತ್ತು.

ಗ್ರಂಥಾಲಯ, ಆಂಬುಲೆನ್ಸು, ಒಡಿಲಿಯಾಳ ನರ್ಸ್ ಓದು,
ಯಾವುದರ ಮೇಲೂ ಹೆಸರು ಹಾಕಿಸಲಿಲ್ಲ.
ಕೇಳಿದ್ದಕ್ಕೆ ಅಂದ: ಕಲ್ಲು ಕೆತ್ತುವವನು
ಅಕ್ಷರಕ್ಕೆ ಇಷ್ಟು ಡಾಲರು ಅನ್ನುತ್ತಾನೆ,
ನಮ್ಮ ಮನೆತನದ ಹೆಸರೋ, ಬಲು ಉದ್ದ.
ಹೇಳಿದೆನಲ್ಲ, ಜಿಪುಣ.

ನಿನ್ನೆ ಲೂಥರನ್ ಚರ್ಚಿನಲ್ಲಿ ಪಾದ್ರಿ
ಮಹಾದಾನಿ ಎಂದು ಶುರುಮಾಡಿದಾಗ
ನನ್ನ ಕೈ ಕೋಟಿನ ಜೇಬಿನಲ್ಲಿತ್ತು.
ಕಾರ್ಖಾನೆಯಲ್ಲಿ, ಮುಚ್ಚಳ ಬೀಳುವ ಮೊದಲು
ಪ್ರತಿ ಡಬ್ಬಿಗೂ ಒಂದು ಉಪ್ಪಿನ ಬಿಲ್ಲೆ
ಟಕ್ಕೆಂದು ಉದುರುತ್ತಿತ್ತು.
ಯಂತ್ರ ಕೆಟ್ಟ ದಿನ ನನ್ನ ಪಕ್ಕ ಅವನೇ ನಿಂತು
ಒಂದೊಂದಾಗಿ ಕೈಯಿಂದ ಹಾಕುತ್ತಿದ್ದ, ಮಾತಿಲ್ಲದೆ, ಗಂಟೆಗಟ್ಟಲೆ.
ಅಂಥದೊಂದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದೆ.

ಉಪ್ಪಿನ ಋಣ ತೀರಿಸಬೇಕು ಅನ್ನುತ್ತಾರೆ.
ಅದರಲ್ಲಿ ಅವನದೆಷ್ಟು, ನಮ್ಮ ಬೆವರಿನದೆಷ್ಟು,
ನನಗಂತೂ ಲೆಕ್ಕ ಹತ್ತಲಿಲ್ಲ.

ಪೆಟ್ಟಿಗೆಗೆ ಮುಚ್ಚಳ ಇಳಿಸುವ ಮೊದಲು
ಬಿಲ್ಲೆಯನ್ನು ಒಳಗೆ ಬಿಟ್ಟೆ.
ಸದ್ದಾಗಲಿಲ್ಲ. ರೇಷ್ಮೆ ಹಾಸಿದ್ದರು.
ಬೆಲೆ ಕೇಳಿದ್ದರೆ ಬೈಯುತ್ತಿದ್ದ.