ಏಪ್ರಿಲ್ ಹದಿನಾಲ್ಕು

ಫೆಬ್ರವರಿಯಲ್ಲಿ ತೀರಿಕೊಂಡ ನಮ್ಮಜ್ಜ, ರೈನೋ ಕಂಗಾಸ್.
ಮಿಶಿಗನ್ನಿನ ಬಡಗಣ ತುದಿ; ನೆಲ ಕಬ್ಬಿಣವಾಗಿತ್ತು,
ಗುದ್ದಲಿಗೆ ಜಗ್ಗಲಿಲ್ಲ.
ಗುಂಡಿ ತೋಡುವವನು ಟೋಪಿ ತೆಗೆದು
"ವಸಂತ ಬರಲಿ" ಅಂದ.
ಇಲ್ಲಿ ಹೀಗೇ. ಚಳಿಗಾಲದಲ್ಲಿ ಸತ್ತವರು
ಸ್ಮಶಾನದಂಚಿನ ಕಲ್ಲುಕೋಣೆಯಲ್ಲಿ ಸಾಲಾಗಿ ಕಾಯುತ್ತಾರೆ,
ಬಸ್ಸು ಬಾರದ ಮಕ್ಕಳ ಹಾಗೆ.

ಬಸ್ಸಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ:
ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದ,
ಒಂದು ಮಗುವನ್ನೂ ಬಿಟ್ಟು ಹೋದವನಲ್ಲ.
ಬಿಚ್ಚಿದ ಲೇಸು ಎಳೆದುಕೊಂಡು ಯಾರಾದರೂ ಓಡಿಬರುವುದು ಕಂಡರೆ
ಕೆಳಗಿಳಿದು ಬಾನೆಟ್ಟು ಎತ್ತಿ
"ಎಂಜಿನ್ನಿಗೆ ನೆಗಡಿ" ಎನ್ನುತ್ತ
ಇಲ್ಲದ ಕಾಯಿಲೆಗೆ ಮದ್ದು ಮಾಡುತ್ತಿದ್ದ.

ಇಸ್ಪೀಟಿನಲ್ಲಿ ಮಹಾ ಮೋಸಗಾರ, ಆದರೆ ಸೋಲುವುದಕ್ಕೆ.
ರಾಜನನ್ನು ತೋಳಿನೊಳಗೆ ಬಚ್ಚಿಟ್ಟು
ಆರು ವರ್ಷದ ನನ್ನ ಮುಂದೆ
"ಮನೆ ಹೋಯಿತು, ದೋಣಿ ಹೋಯಿತು" ಎಂದು
ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ.
ಆಮೇಲೆ ಸೌನಾದ ಹಬೆಯಲ್ಲಿ
ಮೊಮ್ಮಕ್ಕಳೆಲ್ಲ ಬೆಂದ ಆಲೂಗಡ್ಡೆಯಂತೆ ಕೂತಿರುವಾಗ
ಅದೇ ರಾಜ ಅವನ ಟವೆಲಿನಿಂದ ಉದುರುತ್ತಿದ್ದ.

ಒಂದು ಜನವರಿ, ಮಂಜುಗಡ್ಡೆ ಕೊರೆದು ಮೀನು ಹಿಡಿಯುವಾಗ
ತನ್ನದೇ ಜೋಕಿಗೆ ತಾನೇ ನಕ್ಕು
ಹಲ್ಲಿನ ಸೆಟ್ಟು ತೂತಿನೊಳಗೆ ಬೀಳಿಸಿಕೊಂಡ.
ಬಗ್ಗಿ ನೋಡಿದ. ಕತ್ತಲ ನೀರು.
"ಯಾವುದೋ ಮೀನು ಈಗ ನನ್ನ ನಗು ನಗುತ್ತಿರಬೇಕು" ಅಂದ,
ಬೊಚ್ಚು ಬಾಯಲ್ಲಿ.

ಎಲ್ಮಾ ಅಜ್ಜಿಯ ವಿಷಯಕ್ಕೆ ಮಾತ್ರ ತಮಾಷೆ ಇಲ್ಲ.
ಅವಳ ಕಾಲು ಸದಾ ತಣ್ಣಗೆ.
ಐವತ್ತನಾಲ್ಕು ಚಳಿಗಾಲ, ದಿನಾ ರಾತ್ರಿ,
ಸೌನಾ ಒಲೆಯ ಕಲ್ಲೊಂದನ್ನು ಉಣ್ಣೆಯಲ್ಲಿ ಸುತ್ತಿ
ಅವಳು ಮಲಗುವ ಕಡೆ ಇಡುತ್ತಿದ್ದ.
ಜಗಳವಾದ ದಿನವೂ ಇಡುತ್ತಿದ್ದ.
ಆ ದಿನ ಕಲ್ಲು ಸ್ವಲ್ಪ ದೊಡ್ಡದು.

ನಮ್ಮೂರಲ್ಲೊಂದು ಪಂದ್ಯವಿದೆ.
ಡಿಸೆಂಬರಿನಲ್ಲಿ ಅಗ್ನಿಶಾಮಕದವರು
ಎಂಜಿನ್ನು ಕಿತ್ತ ಹಳೆಯ ಕಾರೊಂದನ್ನು
ಹೆಪ್ಪುಗಟ್ಟಿದ ಕೆರೆಯ ನಡುವೆ ನಿಲ್ಲಿಸುತ್ತಾರೆ.
ಅದು ಯಾವತ್ತು ಮುಳುಗುತ್ತದೆ? ಒಂದು ಡಾಲರ್, ಒಂದು ತಾರೀಖು.
ಅಜ್ಜ ಪ್ರತಿ ವರ್ಷ ಬರೆದದ್ದು ಏಪ್ರಿಲ್ ಹದಿನಾಲ್ಕು,
ಅಜ್ಜಿಯ ಹುಟ್ಟಿದ ದಿನ.
ಒಮ್ಮೆಯೂ ಗೆಲ್ಲಲಿಲ್ಲ. "ಬೇರೆ ದಿನ ಬರಿ" ಅಂದರೆ
"ತಪ್ಪು ಕೆರೆಯದು, ನನ್ನದಲ್ಲ" ಅನ್ನುವನು.

ಅವನ ಕೋಟಿನ ಜೇಬಿನಲ್ಲಿ ಸಿಕ್ಕವು:
ಅಂಟಿಕೊಂಡ ಪೆಪ್ಪರ್‌ಮಿಂಟು, ಗಾಳ,
ಈ ವರ್ಷದ ಚೀಟಿ.

ಏಪ್ರಿಲ್ ಹದಿಮೂರರ ಸಂಜೆ ಕಾರು ವಾಲಿತು.
ಅಜ್ಜಿ ಅವನ ಕೋಟು ತೊಟ್ಟು,
ಅವನ ದುರ್ಬೀನು ಹಿಡಿದು ಕಿಟಕಿಯಲ್ಲಿ ಕೂತಳು.
ದಂಡೆಯಲ್ಲಿ ಅರ್ಧ ಊರು, ಲಾಟೀನು, ಥರ್ಮಾಸು;
ಅವನು ಓಡಿಸಿದ ಮಕ್ಕಳು, ಈಗ ನರೆತವರು,
"ತಡಿ, ತಡಿ" ಎಂದು ಕಾರಿಗೆ ಕೂಗುತ್ತಿದ್ದರು.
ಹನ್ನೊಂದೂ ನಲವತ್ತೊಂಬತ್ತಕ್ಕೆ
ಒಂದು ನಿಟ್ಟುಸಿರು. ಅಷ್ಟೆ. ನೀರು ಮುಚ್ಚಿಕೊಂಡಿತು.

ಹನ್ನೊಂದು ನಿಮಿಷ!
ಗೆದ್ದವನು ಹಲ್ಲಿನ ಡಾಕ್ಟರು.
ಫೆಬ್ರವರಿಯಿಂದ ತುಟಿ ಬಿಚ್ಚದ ಅಜ್ಜಿ
ನಕ್ಕಳು, ಕೆಮ್ಮು ಬರುವಷ್ಟು ನಕ್ಕಳು:
"ಸತ್ತ ಮೇಲೂ ಮೋಸ ಮಾಡ್ತಾನೆ ನೋಡು, ಸೋಲೋದಕ್ಕೆ."

ಮುಂದಿನ ವಾರ ನೆಲ ಮೆತ್ತಗಾಯಿತು. ಮಣ್ಣು ಮಾಡಿದೆವು.
ರಾತ್ರಿ ಎಂದಿನಂತೆ ನಾನು ಕಲ್ಲು ಬಿಸಿ ಮಾಡಿ ತಂದೆ.
ಎರಡು ತಿಂಗಳಿಂದ ಅಜ್ಜಿ ಅದನ್ನು
ಕಾಲಿಂದ ಮೆಲ್ಲಗೆ ಅವನ ಕಡೆಗೆ ತಳ್ಳುತ್ತಿದ್ದಳು.
ಇವತ್ತು ತಳ್ಳಲಿಲ್ಲ.
"ಕಲ್ಲುಕೋಣೆ ಬಿಟ್ಟನಲ್ಲ," ಅಂದಳು,
"ಇನ್ನು ಅವನಿಗೆ ಚಳಿಯಾಗಲಿಕ್ಕಿಲ್ಲ."
ಪಾದವೆರಡನ್ನೂ ಕಲ್ಲಿಗೆ ಒತ್ತಿಕೊಂಡಳು.