ಬುಧವಾರದ ಚುಕ್ಕಿ

ಟೋರ್ಸ್‌ಹಾವ್ನ್ ಬಂದರಿನ ಮೇಲೆ, ಬಲೆ ಹೆಣೆಯುವವರ ಅಂಗಡಿಯ ಅಟ್ಟದಲ್ಲಿ
ಮೂರು ಮೇಜು, ಒಂದು ಹೀಟರು, ಕಿಟಕಿಯಲ್ಲಿ ಗಾಜಿನ ದೀಪ.
ದೀಪಕ್ಕೆ ಬರುವುದು ಎರಡೇ ಮಾತು:
ಹಸಿರು ಅಂದರೆ ಎಲ್ಲರ ಕೆಲಸ ಕೂಡಿಕೊಂಡಿತು,
ಕೆಂಪು ಅಂದರೆ ಯಾರೋ ಏನೋ ಮುರಿದರು.
ಆ ಯಾರೋ, ಈ ಶುಕ್ರವಾರ, ಮಾರ್ಯುನ್.

ಅವಳು ಮಾಡಿದ್ದು ಇಷ್ಟೇ.
ದೋಣಿಗಳ ವೇಳಾಪಟ್ಟಿಯ ಪುಟವನ್ನು ಒಪ್ಪ ಮಾಡಿದಳು,
ಅಂಕಣಗಳ ಅಂಚು ನೇರಕ್ಕೆ ತಂದಳು, ಅಕ್ಷರ ಒಂದು ನೂಲು ದಪ್ಪ,
ನಾಲ್ಕು ಹತ್ತರ ಪಕ್ಕ ಕೂತಿದ್ದ ಒಂದು ಚುಕ್ಕಿಯನ್ನು
ನೊಣದ ಹಿಕ್ಕೆ ಒರೆಸಿದ ಹಾಗೆ ಒರೆಸಿದಳು.
ಕೋಡು ಕಳಿಸಿ, ಕೋಟಿನ ಒಂದು ತೋಳು ತೊಟ್ಟಳು.

ಎಲ್ಲೋ ದೂರ, ಯಾವ ದೇಶವೆಂದು ಅವಳೂ ವಿಚಾರಿಸದ ಜಾಗದಲ್ಲಿ
ಖಾಲಿ ಕಂಪ್ಯೂಟರೊಂದು ಆಗಷ್ಟೇ ಹುಟ್ಟಿ,
ಹಿಂದಿನ ಯಾವ ನೆನಪೂ ಇಲ್ಲದೆ,
ಬೇಕಾದ್ದೆಲ್ಲ ತರಿಸಿಕೊಂಡು, ಜಾಲತಾಣವನ್ನು ಬುಡದಿಂದ ಕಟ್ಟಿ
ಒಂದೊಂದೇ ಕೇಳತೊಡಗಿತು.
ಬಾಗಿಲು ತೆರೆಯುತ್ತದೆಯೇ? ತೆರೆಯುತ್ತದೆ.
ಮಗುವಿಗೆ ಅರ್ಧ ದರವೇ? ಅರ್ಧವೇ.
ಕುರಿಗೆ? ಕುರಿಗೂ ಟಿಕೇಟು ಉಂಟು, ನಾಯಿಗಿಲ್ಲ.
ಮುನ್ನೂರ ಹನ್ನೊಂದು ಸಲ ಸರಿ, ಸರಿ, ಸರಿ.
ಮುನ್ನೂರ ಹನ್ನೆರಡಕ್ಕೆ ನಿಂತಿತು.

ಕಿಟಕಿ ಕೆಂಪಾಯಿತು.
ಬಿದ್ದ ಪರೀಕ್ಷೆಯ ಹೆಸರು: ಎಲ್ಸ್‌ಪಾ ಇನ್ನೂ ನಿಂತಿದ್ದಾಳೆ.

ಬರೆದವಳು ಓಡ್ವಾ. ಈಗ ಶಾಲೆಯಲ್ಲಿ ಲೆಕ್ಕ ಕಲಿಸುತ್ತಾಳೆ.
ಕೋಡಿನ ಕೆಳಗೆ ಅವಳದೇ ಟಿಪ್ಪಣಿ:
"ಬುಧವಾರದ ನಾಲ್ಕು ಹತ್ತರದು ಫೋನ್ ಮಾಡಿದರೆ ಮಾತ್ರ ಬರುವ ದೋಣಿ.
ಅದನ್ನು ಹೇಳುವುದು ಈ ಚುಕ್ಕಿ. ಒಮ್ಮೆ ನಾನೇ ಅಳಿಸಿದ್ದೆ.
ಏಳು ಮನೆಯ ದ್ವೀಪ. ಆಲಿಕಲ್ಲು.
ಕೈಯಲ್ಲಿ ಮರುದಿನದ ಹಲ್ಲಿನ ಡಾಕ್ಟರ ಚೀಟಿ.
ಏಳೂವರೆಯ ತನಕ ಕಟ್ಟೆಯ ಮೇಲಿದ್ದಳು."

ಅಂದಿನಿಂದ, ಯಾರು ಏನು ಮುಟ್ಟಿದರೂ,
ಒಂದು ಚಿತ್ರ ಬದಲಿಸಿದರೂ, ಒಂದು ಅಲ್ಪವಿರಾಮ ಸರಿಸಿದರೂ,
ಹೊಸದಾಗಿ ಹುಟ್ಟಿದ ಯಂತ್ರ ಕೇಳಿದೆ: ಚುಕ್ಕಿ ಇದೆಯೇ?
ಇದೆ.
ಸಾವಿರಾರು ಸಲ. ಯಾರ ಕಿವಿಗೂ ಬೀಳಲಿಲ್ಲ.
ತಪ್ಪಾಯಿತು ಅನ್ನುವುದನ್ನು ಹೀಗೂ ಅನ್ನಬಹುದು.

ಮಾರ್ಯುನ್ ಪುಟವನ್ನು ಹಿಗ್ಗಿಸಿ ನೋಡಿದಳು.
ಐದು ಮೂಲೆ. ಚುಕ್ಕಿಯೇ ಹೌದು,
ಆಕಾಶದಲ್ಲಿರುವಂಥದ್ದು.

ಮೆಟ್ಟಿಲೇರಿ ಅಪ್ಪ ಬಂದ, ಹಾನುಸ್,
ಮೈಯೆಲ್ಲ ಡೀಸೆಲ್ ವಾಸನೆ, ಕಾರಿನ ಕೀಲಿ ಕುಣಿಸುತ್ತ.
"ಏನಿದು ಕೆಂಪು?"
"ನಾನು ತಪ್ಪು ಮಾಡಿದೆ ಅಂತ."
ಅವನು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಉಜ್ಜಿದ.
"ಕಡಲಲ್ಲಿ ಹಾಗೆ ಅನ್ನುವುದಿಲ್ಲ.
ಕತ್ತಲಲ್ಲಿ, ನಿನ್ನ ಬಲಕ್ಕೆ ಕೆಂಪು ಕಂಡರೆ
ಒಂದು ಹಡಗು ಎಡಮಗ್ಗುಲು ತೋರಿಸಿಕೊಂಡು ಅಡ್ಡ ಹಾಯುತ್ತಿದೆ.
ದಾರಿ ಬಿಡಬೇಕಾದವಳು ನೀನು."
"ಯಾರಿಗೆ?"
"ಅದರಲ್ಲಿ ಯಾರಿದ್ದಾರೋ ಅವರಿಗೆ."

ಚುಕ್ಕಿ ಮರಳಿತು. ಮತ್ತೆ ಕಳಿಸಿದಳು.
ಮತ್ತೆ ಕೆಂಪು! ಈ ಸಲ ಯಾರ ತಪ್ಪೂ ಇಲ್ಲ,
ದೂರದಲ್ಲೆಲ್ಲೋ ತಂತಿ ತೂಕಡಿಸಿತ್ತಂತೆ.
ಅಪ್ಪನೆದುರು ಆಡಬಾರದ ಮಾತೊಂದು ಬಾಯಿಂದ ಜಾರಿತು.
ಮೂರನೆಯ ಸಲ, ಹಳದಿ ಸುತ್ತುತ್ತ ಸುತ್ತುತ್ತ,
ಅಪ್ಪ ಯಾರದೋ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋದ.
ಹಸಿರು ಬಂದದ್ದು ಅವನ ಬೂಟಿನ ಮೇಲೆ.

ಇಳಿಯುವಾಗ ಕೇಳಿದಳು: "ಎಲ್ಸ್‌ಪಾ ಅಂತ ಗೊತ್ತಾ ನಿನಗೆ?"
"ಹಲ್ಲುನೋವಿನ ಎಲ್ಸ್‌ಪಾನಾ? ತೀರಿಹೋಗಿ ಐದು ಚಳಿಗಾಲ.
ಪೆಟ್ಟಿಗೆಯನ್ನು ನಾವೇ ದಾಟಿಸಿದೆವು. ಬುಧವಾರ.
ಫೋನ್ ಮಾಡಿದ್ದರು."

ಪರೀಕ್ಷೆಯ ಹೆಸರು ತಿದ್ದಬೇಕಲ್ಲವೇ ಎಂದು
ಕಾರಿನ ಬಾಗಿಲು ಹಿಡಿದು ಒಂದು ಗಳಿಗೆ ನಿಂತಳು.
ಸೋಮವಾರ ಯಾರಾದರೂ ಏನಾದರೂ ಕಳಿಸುತ್ತಾರೆ,
ಏನೂ ಅರಿಯದ ಯಂತ್ರವೊಂದು ಹುಟ್ಟುತ್ತದೆ,
ಕೇಳುತ್ತದೆ.
ಆಲಿಕಲ್ಲು ಶುರುವಾಗಿತ್ತು.
ಅಪ್ಪ ಹಾರನ್ ಹೊಡೆದ.